ಮೀಟರಿನ ಮುಳ್ಳು ಇಳಿದಾಗ



ಕೋಲಾರದ ಈ ಸಂಕಿರಣದ ಆಹ್ವಾನ ಪತ್ರಿಕೆ ನೋಡಿ ನಮ್ಮೂರಿನ ಹಿರಿಯರೊಬ್ಬರು ಕೇಳಿದರು: "ತೆಪ್ಪ ಓಡಿಸೋಕೂ ಹೊಳೆಯಿಲ್ಲದ ಸೀಮೆ ನಮ್ದು. ಇಲ್ಲಿ ಬೋಟಿನ ಎಂಜಿನ್ನಿನ ಮಾತು ಯಾತಕ್ಕಪ್ಪಾ?" ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗುತ್ತೇನೆ.

ಮಂಗಳೂರಿನ ಹತ್ತಿರ ಬಂಟ್ವಾಳದಲ್ಲಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 75 ಹಾಸನ, ಬೆಂಗಳೂರು ದಾಟಿ ಕೋಲಾರಕ್ಕೆ ಬಂದು, ಮುಳಬಾಗಿಲು ಮುಟ್ಟಿ, ನಂಗಲಿಯ ಗಡಿ ದಾಟಿ ವೆಲ್ಲೂರಿನ ಕಡೆಗೆ ಹೋಗುತ್ತದೆ. ಆ ದಾರಿಯ ಒಂದು ತುದಿಯಲ್ಲಿ ಸಮುದ್ರಕ್ಕಿಳಿಯುವ ಎಂಜಿನ್ನೂ ಈ ತುದಿಯಲ್ಲಿ ಟೊಮೇಟೊ ಹೊರುವ ಎಂಜಿನ್ನೂ ಎಷ್ಟೋ ಸಲ ಒಂದೇ ಮನೆತನದವು. ಅಶೋಕ್ ಲೇಲ್ಯಾಂಡಿನಂಥ ಕಂಪನಿ ಲಾರಿಗೂ ಎಂಜಿನ್ ಮಾಡುತ್ತದೆ, ಬೋಟಿಗೂ ಮಾಡುತ್ತದೆ. ಬೋಟಿಗೆ ಹೋಗುವಾಗ ರೇಡಿಯೇಟರ್ ಹೋಗಿ ಸಮುದ್ರದ ನೀರಿನಿಂದ ತಣಿಯುವ ಹೀಟ್ ಎಕ್ಸ್‌ಚೇಂಜರ್ ಬರುತ್ತದೆ, ಎಕ್ಸಾಸ್ಟಿನ ಸುತ್ತ ನೀರಿನ ಕವಚ ಬರುತ್ತದೆ, ಗೇರ್‌ಬಾಕ್ಸ್ ಬದಲಾಗುತ್ತದೆ. ಒಳಗಿನ ಕ್ರ್ಯಾಂಕು, ಬೇರಿಂಗು, ಆಯಿಲ್ ಪಂಪು ಅವೇ. ಆಯಿಲ್ ಪ್ರೆಷರ್ ಇಳಿದರೆ ಎರಡೂ ಕಡೆ ಸಾಯುವ ಬಗೆಯೂ ಒಂದೇ.

ನಾನು ಹುಟ್ಟಿದ್ದು ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಮಾವಿನ ತೋಪುಗಳ ನಡುವೆ ಬೆಳೆದು, ಹೊಟ್ಟೆಪಾಡಿಗೆ ಮಲ್ಪೆ ಬಂದರಿಗೆ ಹೋಗಿ, ಬಹಳ ವರ್ಷ ಬೋಟಿನ ಎಂಜಿನ್‌ಗಳ ಜೊತೆ ಬದುಕಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡ ಸೇರಿ ಎಂಜಿನ್ ಬಿಚ್ಚಿಸಿಕೊಳ್ಳುವ ಕಾಲ ಅದು. ಅದೇ ಹೊತ್ತಿಗೆ ಇಲ್ಲಿ ಮಾವಿನ ಲಾರಿಗಳಿಗೆ ಉಸಿರಾಡಲು ಬಿಡುವಿರುವುದಿಲ್ಲ. ಬಿಡುವಿನಲ್ಲಿ ಎಂಜಿನ್ ನೋಡುವ ಊರಿನಿಂದ, ಬಿಡುವೇ ಇಲ್ಲದೆ ಎಂಜಿನ್ ಓಡಿಸುವ ಊರಿಗೆ ಬಂದವನು ನಾನು. ಅಲ್ಲಿ ಕಲಿತದ್ದನ್ನು ಇಲ್ಲಿಗೆ ತಂದು ಒಪ್ಪಿಸುವುದು ನನ್ನ ಇವತ್ತಿನ ಕೆಲಸ.

ಹೇಳಬೇಕಾದ ಮಾತು ಒಂದೇ. ಆಯಿಲ್ ಪ್ರೆಷರ್ ಮೀಟರಿನಲ್ಲಿ ಮುಳ್ಳು ಇಳಿದಿದೆ ಎನ್ನುವುದು ರೋಗವಲ್ಲ, ಅದೊಂದು ಹೇಳಿಕೆ. ಹೇಳಿಕೆ ಕೊಟ್ಟವನು ನಿಜ ಹೇಳುತ್ತಿದ್ದಾನೆಯೇ ಎಂದು ಮೊದಲು ವಿಚಾರಿಸಬೇಕು. ನಿಜವೆಂದು ಖಾತ್ರಿಯಾದ ಮೇಲೆ, ಖರ್ಚಿಲ್ಲದ ಕಾರಣದಿಂದ ಹೊರಟು ಖರ್ಚಿನ ಕಾರಣದ ಕಡೆಗೆ ನಡೆಯಬೇಕು. ನಮ್ಮ ಗ್ಯಾರೇಜುಗಳಲ್ಲಿ ಈ ದಾರಿಯನ್ನು ತಲೆಕೆಳಗು ಮಾಡುತ್ತಿದ್ದೇವೆ. ಮುಳ್ಳು ಇಳಿದ ಕೂಡಲೇ ಎಂಜಿನ್ನಿನ ತಳದ ಎಣ್ಣೆಯ ಸಂಪ್ ಬಿಚ್ಚಿ ಬೇರಿಂಗಿಗೆ ಕೈ ಹಾಕುತ್ತೇವೆ. ಇಲ್ಲದಿದ್ದರೆ ಮೀಟರಿನ ಮೇಲೇ ತಪ್ಪು ಹೊರಿಸಿ ಗಾಡಿ ಓಡಿಸುತ್ತೇವೆ. ಎರಡರಲ್ಲೂ ನಷ್ಟವಾಗುವುದು ಸಾಲ ಮಾಡಿ ಗಾಡಿ ತಂದವನಿಗೆ.

ಆಯಿಲ್ ಪಂಪ್ ಪ್ರೆಷರ್ ಹುಟ್ಟಿಸುತ್ತದೆ ಎಂದು ನಾವೆಲ್ಲ ಮಾತಿಗೆ ಹೇಳುತ್ತೇವೆ. ಅದು ಸರಿಯಲ್ಲ. ಪಂಪ್ ಕೊಡುವುದು ಹರಿವು. ಆ ಹರಿವಿಗೆ ಎದುರಾಗುವ ತಡೆಯಿಂದ ಪ್ರೆಷರ್ ಹುಟ್ಟುತ್ತದೆ. ಇದನ್ನು ನಮ್ಮ ಜಿಲ್ಲೆಯ ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅವರು ಹೊಲದಲ್ಲಿ ದಿನವೂ ನೋಡುತ್ತಾರೆ. ಸಾವಿರ ಅಡಿ ಕೊರೆದ ಬೋರ್‌ವೆಲ್ಲಿನ ನೀರನ್ನು ಡ್ರಿಪ್ ಪೈಪಿಗೆ ಬಿಟ್ಟಾಗ ಫಿಲ್ಟರಿನ ಹತ್ತಿರದ ಮೀಟರ್ ಒಂದು ಲೆಕ್ಕ ತೋರಿಸುತ್ತದೆ. ಹೊಲದ ಮೂಲೆಯಲ್ಲೆಲ್ಲೋ ಒಂದು ಪೈಪಿನ ತುದಿಯ ಮುಚ್ಚಳ ಕಳಚಿದರೆ ಮುಳ್ಳು ಇಳಿಯುತ್ತದೆ. ಮೋಟಾರಿಗೆ ಏನೂ ಆಗಿರುವುದಿಲ್ಲ, ತಡೆ ಕಡಿಮೆಯಾಗಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಅದರ ಹಿಂದಿನ ಮೀಟರ್ ಏರುತ್ತದೆ, ಮುಂದಿನದು ಇಳಿಯುತ್ತದೆ. ಬೋರಿನಲ್ಲಿ ನೀರು ಇಳಿದು ಪಂಪ್ ಗಾಳಿ ಎಳೆದರೆ ಮುಳ್ಳು ನಡುಗುತ್ತದೆ. ಎಂಜಿನ್ನಿನ ಆಯಿಲ್ ಪ್ರೆಷರ್ ಶಾಸ್ತ್ರದ ಮುಕ್ಕಾಲು ಪಾಲು ಈ ಟೊಮೇಟೊ ಹೊಲದಲ್ಲೇ ಇದೆ. ಇಲ್ಲಿ ಪಾಠ ಹೇಳುವ ಅಧ್ಯಾಪಕರು ಅಲ್ಲಿಂದಲೇ ಶುರುಮಾಡಿದರೆ ಹುಡುಗರು ಬೇಗ ಹಿಡಿಯುತ್ತಾರೆ.

ಬೇರಿಂಗಿನೊಳಗೆ ಆಗುವುದು ಇನ್ನೂ ಸೋಜಿಗದ ವಿಷಯ. 1883ರಲ್ಲಿ ಇಂಗ್ಲೆಂಡಿನ ಬೋಶಾಂ ಟವರ್ ಎಂಬ ಎಂಜಿನಿಯರ್ ರೈಲಿನ ಆಕ್ಸಲ್ ಬೇರಿಂಗುಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದಿದ್ದ ತೂತಿನಿಂದ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಬೆಣೆ ಹಾಕಿ ಮುಚ್ಚಿದ. ಬೆಣೆಯನ್ನೇ ಎಣ್ಣೆ ತಳ್ಳಿ ಹಾಕಿತು. ಕೊನೆಗೆ ಆ ತೂತಿಗೆ ಪ್ರೆಷರ್ ಗೇಜ್ ಕಟ್ಟಿದ. ಬೇರಿಂಗಿನ ಮೇಲೆ ಸರಾಸರಿ ಇದ್ದ ಹೊರೆ ಚದರ ಇಂಚಿಗೆ 100 ಪೌಂಡ್, ಗೇಜಿನ ಮುಳ್ಳು 200 ದಾಟಿತ್ತು. ತಿರುಗುವ ಶಾಫ್ಟು ಎಣ್ಣೆಯನ್ನು ತಾನೇ ಇಕ್ಕಟ್ಟಿಗೆ ಎಳೆದುಕೊಂಡು, ಆ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ ಎಂದು ಗೊತ್ತಾಯಿತು. ಮೂರು ವರ್ಷದ ಮೇಲೆ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಅದರ ಗಣಿತ ಬರೆದ. ಅಲ್ಲಿಗೆ, ನಮ್ಮ ಲಾರಿಯ ಕ್ರ್ಯಾಂಕಿಗೂ ಮಲ್ಪೆಯ ಬೋಟಿಗೂ ಹೆಚ್ಚು ಅಂತರವಿಲ್ಲ, ಇಬ್ಬರೂ ತೇಲುವವರೇ. ಕ್ರ್ಯಾಂಕು ತೇಲುವುದು ತಲೆಗೂದಲಿಗಿಂತ ಎಷ್ಟೋ ತೆಳುವಾದ ಎಣ್ಣೆಯ ಮೇಲೆ. ಡ್ಯಾಶ್‌ಬೋರ್ಡಿನ ಮೀಟರ್ ಆ ಪೊರೆಯ ಒತ್ತಡವನ್ನು ತೋರಿಸುವುದಿಲ್ಲ. ಪೊರೆಗೆ ಬೇಕಾದ ಎಣ್ಣೆ ಬೇರಿಂಗಿನ ಬಾಗಿಲವರೆಗೆ ಬರುತ್ತಿದೆಯೇ ಎಂದಷ್ಟೇ ತಿಳಿಸುತ್ತದೆ. ಬಾಗಿಲಿಗೆ ಬರುವುದು ನಿಂತರೆ ಒಳಗಿನ ಪೊರೆಗೆ ಹೆಚ್ಚು ಆಯುಸ್ಸಿಲ್ಲ.

ಮಲ್ಪೆಯಲ್ಲಿ ನಡೆದ ಒಂದು ಘಟನೆ ಹೇಳುತ್ತೇನೆ. ಟ್ರಾಲ್ ಬೋಟೊಂದು ಒಂದೇ ವಾರದಲ್ಲಿ ಎರಡು ಸಲ ಅರ್ಧ ದಾರಿಯಿಂದ ಹಿಂದಿರುಗಿತು. ಆಯಿಲ್ ಪ್ರೆಷರ್ ಕಾಲು ಭಾಗಕ್ಕೆ ಇಳಿಯುತ್ತಿದೆ ಎಂದು ಬೋಟು ನಡೆಸುವ ತಾಂಡೇಲರು ಹೇಳಿದರು. ಗ್ಯಾರೇಜಿನವರು ಎಂಜಿನ್ ಇಳಿಸಿ, ಮೇನ್ ಬೇರಿಂಗು, ಬಿಗ್ ಎಂಡ್ ಬೇರಿಂಗು ಎಲ್ಲ ಹೊಸದು ಹಾಕಿ, ಪಂಪನ್ನೂ ಬದಲಿಸಿದರು. ಹಳೆಯ ಬೇರಿಂಗುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಅವು ಇನ್ನೂ ಎರಡು ಸೀಸನ್ ಓಡುವಂತಿದ್ದವು. ಎಂಜಿನ್ ಕೂರಿಸಿ ಸ್ಟಾರ್ಟ್ ಮಾಡಿದರೆ ಮುಳ್ಳು ಮತ್ತೆ ಅಲ್ಲೇ. ಕೊನೆಗೆ, ಎಂಜಿನ್ನಿನಲ್ಲಿ ಪ್ರೆಷರ್ ಅಳೆದು ಮೀಟರಿಗೆ ತಿಳಿಸುವ ಸೆಂಡರ್ ಬಿಚ್ಚಿ, ಆ ಜಾಗಕ್ಕೆ ಕೈಯಲ್ಲಿ ಹಿಡಿಯುವ ಮೆಕ್ಯಾನಿಕಲ್ ಗೇಜ್ ಕಟ್ಟಿದಾಗ ಪ್ರೆಷರ್ ಸರಿಯಾಗಿಯೇ ಇತ್ತು. ದೋಷವಿದ್ದದ್ದು ಉಪ್ಪುಗಾಳಿಗೆ ಹಸಿರುಗಟ್ಟಿದ ಒಂದು ವೈರಿನ ತುದಿಯಲ್ಲಿ. ಮೊದಲ ದಿನವೇ ಹತ್ತು ನಿಮಿಷ ಗೇಜ್ ಕಟ್ಟಿದ್ದರೆ ಆ ಮನೆಯವರಿಗೆ ಮೀನು ಸಿಗುವ ಮೂರು ವಾರ ಉಳಿಯುತ್ತಿತ್ತು. ಆ ಬೋಟಿನ ಒಡತಿ ಲೆಕ್ಕದ ಪುಸ್ತಕ ತೆರೆದು ಸುಮ್ಮನೆ ಕೂತಿದ್ದನ್ನು ನಾನು ಮರೆತಿಲ್ಲ.

ಆದ್ದರಿಂದ ಸೆಂಡರಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮಲ್ಲಿ ಅತಿ ಕಡಿಮೆ ತಿಳಿದಿರುವುದು ಇದರ ಬಗ್ಗೆಯೇ. ಹಳೆಯ ಮಾದರಿಯ ಸೆಂಡರ್ ಒಂದು ಬದಲಾಗುವ ರೆಸಿಸ್ಟೆನ್ಸ್, ಅಷ್ಟೆ. ಪ್ರೆಷರ್ ಏರಿದಂತೆ ಅದರ ಓಮ್ ಬದಲಾಗುತ್ತದೆ, ಮೀಟರ್ ಅದನ್ನು ಓದುತ್ತದೆ. ಆದರೆ ಲೋಕದಲ್ಲಿ ಎರಡು ಪದ್ಧತಿಗಳು ಬಳಕೆಯಲ್ಲಿವೆ. ಯುರೋಪಿನ ಪದ್ಧತಿಯಲ್ಲಿ ಸೊನ್ನೆ ಪ್ರೆಷರಿಗೆ 10 ಓಮ್, ಪೂರ್ತಿಗೆ 180 ಓಮ್ ಆಸುಪಾಸು. ಅಮೆರಿಕದ ಪದ್ಧತಿಯಲ್ಲಿ ಇದು ತಿರುಗುಮುರುಗು: ಸೊನ್ನೆಗೆ 240, ಪೂರ್ತಿಗೆ 33. ಮೊದಲನೆಯದರಲ್ಲಿ ವೈರ್ ತುಂಡಾದರೆ ಮುಳ್ಳು ಕೊನೆಗೆ ಏರುತ್ತದೆ, ಎರಡನೆಯದರಲ್ಲಿ ಸೊನ್ನೆಗೆ ಬೀಳುತ್ತದೆ. ಒಂದರ ಮೀಟರಿಗೆ ಇನ್ನೊಂದರ ಸೆಂಡರ್ ಹಾಕಿದರೆ ಬರುವ ಲೆಕ್ಕಕ್ಕೆ ತಲೆಬುಡ ಇರುವುದಿಲ್ಲ. ಅಂಗಡಿಯಲ್ಲಿ ಥ್ರೆಡ್ ಕೂತಿತೆಂದು ತಂದು ಹಾಕಿಬಿಡುತ್ತೇವೆ. ಓಮ್ ಕೂತಿತೇ ಎಂದು ಕೇಳುವವರು ಕಡಿಮೆ. ದೊಡ್ಡ ಬೋಟುಗಳಲ್ಲಿ ಎಂಜಿನ್ ಕೋಣೆಗೊಂದು, ಮೇಲಿನ ಕ್ಯಾಬಿನ್ನಿಗೊಂದು ಎರಡು ಮೀಟರ್ ಇದ್ದರೆ ಅದಕ್ಕೆಂದೇ ಬೇರೆ ಸೆಂಡರ್ ಬೇಕು. ಒಂದು ಮೀಟರಿನ ಸೆಂಡರಿಗೆ ಎರಡು ಮೀಟರ್ ಕಟ್ಟಿದರೆ ಎರಡೂ ಸುಳ್ಳು ಹೇಳುತ್ತವೆ.

ಇನ್ನೊಂದು ಅರ್ತಿನ ತೊಂದರೆ. ಒಂದೇ ವೈರಿರುವ ಸೆಂಡರಿಗೆ ಎಂಜಿನ್ನಿನ ಮೈಯೇ ಅರ್ತ್. ಲೀಕ್ ಆಗಬಾರದೆಂದು ಥ್ರೆಡ್ಡಿಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೆ ಅರ್ತ್ ಕಡಿದುಹೋಗಬಹುದು. ಕರಾವಳಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ನಮ್ಮ ಸೀಮೆಯಲ್ಲಿ ಕೆಂಪು ದೂಳೂ ಇಲಿಗಳೂ ಮಾಡುತ್ತವೆ. ಮಾಲೂರಿನ ಇಟ್ಟಿಗೆ ಗೂಡುಗಳ ಸುತ್ತ ಓಡುವ ಟ್ರ್ಯಾಕ್ಟರುಗಳ ವೈರಿಂಗ್ ಬಿಚ್ಚಿ ನೋಡಿದವರಿಗೆ ಇದು ಗೊತ್ತು. ಒಂದು ಎಚ್ಚರಿಕೆಯ ಮಾತು: 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಮೂರು ವೈರಿನ, 5 ವೋಲ್ಟಿನ ಎಲೆಕ್ಟ್ರಾನಿಕ್ ಸೆನ್ಸರುಗಳು ಸಾಮಾನ್ಯ. ಹಳೆಯ ಅಭ್ಯಾಸದಂತೆ ವೈರ್ ಕಿತ್ತು ಬಾಡಿಗೆ ಮುಟ್ಟಿಸಿ ನೋಡುವುದನ್ನು ಅವುಗಳ ಮೇಲೆ ಮಾಡಬೇಡಿ.

ಮೆಕ್ಯಾನಿಕಲ್ ಗೇಜ್ ಕಟ್ಟಿ, ಮುಳ್ಳು ನಿಜವಾಗಿಯೂ ಇಳಿದಿದೆ ಎಂದು ಗೊತ್ತಾಯಿತು ಅಂದುಕೊಳ್ಳೋಣ. ಆಗಲೂ ಸ್ಪ್ಯಾನರ್ ಎತ್ತುವ ಹೊತ್ತಲ್ಲ. ಮುಳ್ಳು ಹೇಗೆ ಇಳಿಯುತ್ತದೆ ಎನ್ನುವುದು ಎಷ್ಟು ಇಳಿದಿದೆ ಎನ್ನುವುದಕ್ಕಿಂತ ಹೆಚ್ಚು ಹೇಳುತ್ತದೆ. ನಾಡಿ ಹಿಡಿದಂತೆ ಹಿಡಿದು ನೋಡಬೇಕು. ಎಂಜಿನ್ ತಣ್ಣಗಿರುವಾಗ, ಪೂರ್ತಿ ಬಿಸಿಯಾದಾಗ, ಐಡ್ಲಿಂಗಿನಲ್ಲಿ, ಪೂರ್ಣ ವೇಗದಲ್ಲಿ, ಹೀಗೆ ನಾಲ್ಕು ಹೊತ್ತಿನ ಲೆಕ್ಕ ಬೇಕು. ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಮಾತ್ರ ಬಿದ್ದು, ರೇಸ್ ಕೊಟ್ಟರೆ ಏರುವುದಾದರೆ ಎಣ್ಣೆ ತೆಳ್ಳಗಾಗಿರಬೇಕು, ಇಲ್ಲವೇ ಬೇರಿಂಗ್ ಸವೆದಿರಬೇಕು. ಬಿಸಿ ತಣ್ಣಗೆ ಎನ್ನದೆ ಎಲ್ಲ ವೇಗದಲ್ಲೂ ಕಡಿಮೆಯಿದ್ದರೆ ಪ್ರೆಷರ್ ಮಿತಿಮೀರಿದಾಗ ಮಾತ್ರ ತೆರೆಯಬೇಕಾದ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರುವ ಸಂಶಯ. ವೇಗ ಏರಿಸಿದಂತೆ ಮೊದಲು ಏರಿ ಆಮೇಲೆ ಕುಸಿದರೆ ಸಂಪಿನೊಳಗಿನ ಸ್ಟ್ರೈನರ್ ಕಟ್ಟಿಕೊಂಡು ಪಂಪಿಗೆ ಎಣ್ಣೆ ಸಾಲುತ್ತಿಲ್ಲ. ಮುಳ್ಳು ಒಂದೆಡೆ ನಿಲ್ಲದೆ ನಡುಗುತ್ತಿದ್ದರೆ ಪಂಪ್ ಗಾಳಿ ಎಳೆಯುತ್ತಿದೆ.

ಎಷ್ಟು ಇರಬೇಕು ಎಂದು ಹುಡುಗರು ಕೇಳುತ್ತಾರೆ. ಸಾವಿರ ಆರ್‌ಪಿಎಮ್ಮಿಗೆ 10 ಪಿಎಸ್‌ಐ ಎಂಬ ಹಳೆಯ ಅಂದಾಜು ಎಲ್ಲರ ಬಾಯಲ್ಲೂ ಇದೆ. ಬಾರ್ ಲೆಕ್ಕದಲ್ಲಿ ಹೇಳುವವರು 1 ಬಾರ್ ಎಂದರೆ 14.5 ಪಿಎಸ್‌ಐ ಎಂದು ನೆನಪಿಡಬೇಕು. ಅನೇಕ ಡೀಸೆಲ್ ಎಂಜಿನ್‌ಗಳು ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ 1 ಬಾರ್ ಹತ್ತಿರ, ಕೆಲಸದ ವೇಗದಲ್ಲಿ 3ರಿಂದ 5 ಬಾರ್ ತೋರಿಸುತ್ತವೆ. ಆದರೆ ಆ ಎಂಜಿನ್ನಿನ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ಅದಕ್ಕಿಂತಲೂ ಬೆಲೆಯುಳ್ಳದ್ದು ಇನ್ನೊಂದಿದೆ: ಇದೇ ಎಂಜಿನ್ ಹೋದ ವರ್ಷ ಎಷ್ಟು ತೋರಿಸುತ್ತಿತ್ತು ಎಂಬ ಲೆಕ್ಕ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಎಣ್ಣೆ. ಡಿಪ್‌ಸ್ಟಿಕ್ ಎಳೆದು ನೋಡಲು ಕಾಸು ಖರ್ಚಿಲ್ಲ. ಎಣ್ಣೆ ಕಡಿಮೆಯಿದ್ದರೆ ಕಾರಣ ಎದುರಿಗೇ ಇದೆ. ನಾವು ಗಮನಿಸದೆ ಬಿಡುವುದು ಎಣ್ಣೆ ಹೆಚ್ಚಾದದ್ದನ್ನು. ನೀವು ಹಾಕದೆ ಮಟ್ಟ ಏರಿದ್ದರೆ ಒಳಗೆ ಡೀಸೆಲ್ ಇಲ್ಲವೇ ನೀರು ಸೇರಿದೆ. ಮೂಸಿ ನೋಡಿ. ಬೆರಳುಗಳ ನಡುವೆ ತಿಕ್ಕಿ ನೋಡಿ. ಒಂದು ಹನಿಯನ್ನು ಬಿಸಿ ತಗಡಿನ ಮೇಲೆ ಬಿಡಿ. ಮುಳಬಾಗಿಲಿನಲ್ಲಿ ದೋಸೆ ಹಂಚಿನ ಮೇಲೆ ನೀರು ಚಿಮುಕಿಸಿದಾಗ ಕೇಳುವ ಸದ್ದು ಎಣ್ಣೆಯಿಂದ ಬಂದರೆ ಅದರಲ್ಲಿ ನೀರಿದೆ. ನಾಲ್ಕನೆಯ ಪರೀಕ್ಷೆ ಹಗುರದ್ದು: ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಇಟ್ಟರೆ, ಮಸಿ ನಡುವೆ ಉಳಿದು, ಡೀಸೆಲ್ ಸೇರಿದ್ದರೆ ಅಂಚಿನಲ್ಲಿ ತೆಳು ವರ್ತುಲ ಹರಡುತ್ತದೆ.

ಎಣ್ಣೆಯ ದಪ್ಪ ಬಿಸಿಯೊಂದಿಗೆ ಎಷ್ಟು ಇಳಿಯುತ್ತದೆ ಎಂಬ ಅಂದಾಜು ನಮಗಿರಬೇಕು. ನಾವು ಸಾಮಾನ್ಯವಾಗಿ ಹಾಕುವ 15W-40 ಎಣ್ಣೆ 40 ಡಿಗ್ರಿಯಲ್ಲಿ ಸುಮಾರು 100ರಿಂದ 115 ಸೆಂಟಿಸ್ಟೋಕ್ ಇರುತ್ತದೆ. 100 ಡಿಗ್ರಿಗೆ ಬಂದಾಗ 12.5ರಿಂದ 16.3ರ ನಡುವೆ ಇರಬೇಕೆಂಬುದು ಅದರ ಗ್ರೇಡಿನ ನಿಯಮ. ಏಳೆಂಟು ಪಾಲು ತೆಳ್ಳಗೆ. ಹಾಗಾದರೆ ಎಂಜಿನ್ ಮಿತಿಮೀರಿ ಬಿಸಿಯಾದರೆ ಏನಾಗುತ್ತದೆಂದು ಊಹಿಸಿ. ಸಮುದ್ರದಲ್ಲಿ ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳಲ್ಲಿ ಉಪ್ಪೂ ಚಿಪ್ಪೂ ಕೂತು ನೀರು ಹರಿಯುವುದಿಲ್ಲ, ಎಂಜಿನ್ ಕಾಯುತ್ತದೆ, ಎಣ್ಣೆ ತೆಳ್ಳಗಾಗುತ್ತದೆ, ಮುಳ್ಳು ಇಳಿಯುತ್ತದೆ. ನಮ್ಮಲ್ಲಿ ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುತ್ತೇವೆ. ಕೋಲಾರದ ಆಳದ ನೀರಿನ ಗಡಸುತನ ಮನೆಮನೆಯ ನೀರೊಲೆಯ ಹಂಡೆಯಲ್ಲಿ ಕಾಣುತ್ತದೆ, ಬಿಳಿಯ ಗಾರೆಯಂತೆ ಕೂತಿರುತ್ತದೆ. ಅದೇ ಗಾರೆ ರೇಡಿಯೇಟರಿನೊಳಗೂ ಕೂರುತ್ತದೆ. ಮುಂದಿನದು ಬೋಟಿನ ಕಥೆಯೇ. ಮೆಕ್ಯಾನಿಕ್ ಆಯಿಲ್ ಪಂಪ್ ಬಿಚ್ಚುತ್ತಾನೆ. ರೋಗವಿರುವುದು ಕುಡಿಸಿದ ನೀರಿನಲ್ಲಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ. ಬಂದರಿನಲ್ಲಿ ಮೊದಲ ವರ್ಷಗಳಲ್ಲಿ ಒಂದು ಎಂಜಿನ್ನಿನ ಪ್ರೆಷರ್ ಇಳಿದಿತ್ತು. ಸೀಸನ್ ನಡುವೆ ನಿಲ್ಲಿಸಲು ಮಾಲೀಕರಿಗೆ ಮನಸ್ಸಿರಲಿಲ್ಲ. ನಾನು ಇನ್ನೂ ದಪ್ಪದ ಎಣ್ಣೆ ಹಾಕಿದೆ. ಮುಳ್ಳು ಏರಿತು. ಎಲ್ಲರಿಗೂ ಸಮಾಧಾನವಾಯಿತು. ನಿಜವಾಗಿ ಒಂದು ಇಂಜೆಕ್ಟರ್ ಸೋರಿ ಡೀಸೆಲ್ ಸಂಪಿಗೆ ಇಳಿಯುತ್ತಿತ್ತು. ದಪ್ಪ ಎಣ್ಣೆ ಆ ಸೋರಿಕೆಯನ್ನು ಮುಚ್ಚಿಟ್ಟಿತು, ನಿಲ್ಲಿಸಲಿಲ್ಲ. ಎರಡು ತಿಂಗಳಲ್ಲಿ ಬಿಗ್ ಎಂಡ್ ಹೋಗಿ ಕ್ರ್ಯಾಂಕು ಸೀಜ್ ಆಯಿತು. ದಡದಿಂದ ಬಹಳ ದೂರದಲ್ಲಿ ಎಂಜಿನ್ ನಿಂತು, ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತರುವವರೆಗೆ ಏಳು ಜನ ಒಂದು ರಾತ್ರಿ ಅಲೆಗಳ ಮೇಲೆ ತೂಗಾಡಿದರು. ಗಾಳಿ ಏಳಲಿಲ್ಲ, ಅವರು ಬದುಕಿ ಬಂದರು. ಅಂದಿನಿಂದ, ದಪ್ಪ ಎಣ್ಣೆ ಹಾಕಿ ಪ್ರೆಷರ್ ಏರಿಸುವುದನ್ನು ರಿಪೇರಿ ಎಂದು ನಾನು ಕರೆದಿಲ್ಲ. ರಿಲೀಫ್ ವಾಲ್ವಿನ ಸ್ಪ್ರಿಂಗಿನ ಕೆಳಗೆ ವಾಷರ್ ಇಟ್ಟು ಮುಳ್ಳು ಏರಿಸುವುದೂ, ಆಯಿಲ್ ಪ್ರೆಷರ್ ಇಳಿದಾಗ ಹತ್ತುವ ಕೆಂಪು ದೀಪದ ಬಲ್ಬ್ ಕಿತ್ತು ಹಾಕುವುದೂ ಇದೇ ಜಾತಿಯ ಕೆಲಸ.

ಬೋಟಿನ ಎಂಜಿನ್ ಇಳಿಜಾರಾಗಿ ಕೂತಿರುತ್ತದೆ. ಪ್ರೊಪೆಲರ್ ಶಾಫ್ಟು ನೀರಿಗೆ ಇಳಿಯಬೇಕಲ್ಲ. ಆ ಓರೆಗೆ ತಕ್ಕಂತೆ ಡಿಪ್‌ಸ್ಟಿಕ್ಕಿನ ಗುರುತು ಸರಿಪಡಿಸದಿದ್ದರೆ ಎಣ್ಣೆ ಕಡಿಮೆ ಬೀಳುತ್ತದೆ, ಇಲ್ಲವೇ ಹೆಚ್ಚಾಗುತ್ತದೆ. ಹೆಚ್ಚಾದರೆ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ. ಮೊಸರು ಕಡೆದಂತೆ. ನೊರೆಯನ್ನು ಎಳೆದ ಪಂಪ್ ಮುಳ್ಳನ್ನು ನಡುಗಿಸುತ್ತದೆ. ಅಲೆಗೆ ಬೋಟು ಮೂತಿ ಎತ್ತಿದಾಗ ಸಂಪಿನ ಎಣ್ಣೆಯೆಲ್ಲ ಹಿಂದಕ್ಕೆ ಹೋಗಿ ಸ್ಟ್ರೈನರ್ ಗಾಳಿಗೆ ಬಾಯಿ ತೆರೆಯುತ್ತದೆ. ಅಂತರಗಂಗೆ ಬೆಟ್ಟದ ತಪ್ಪಲಿನ ಏರು ಹೊಲಗಳಲ್ಲಿ ಟ್ರ್ಯಾಕ್ಟರ್ ಓಡಿಸುವವರೂ ಇದನ್ನೇ ನೋಡಿರುತ್ತಾರೆ. ಏರಿನಲ್ಲಿ ದೀಪ ಮಿನುಗಿ, ಸಮತಟ್ಟಿಗೆ ಬಂದ ಮೇಲೆ ಆರುತ್ತದೆ. ಅದನ್ನು ತಮಾಷೆಯೆಂದು ಬಿಡಬೇಡಿ, ಎಣ್ಣೆಯ ಮಟ್ಟ ನೋಡಿ.

ಫಿಲ್ಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಟ್ಟಿಕೊಂಡ ಫಿಲ್ಟರಿಗೆ ಬೈಪಾಸ್ ವಾಲ್ವ್ ದಾರಿ ಬಿಡುತ್ತದೆ, ಹಾಗಾಗಿ ಪ್ರೆಷರ್ ಇಳಿಯುವುದಕ್ಕಿಂತ ಕೊಳೆ ಎಣ್ಣೆ ಬೇರಿಂಗಿಗೆ ಹೋಗುವುದೇ ದೊಡ್ಡ ಅಪಾಯ. ಆದರೆ ಬಿಚ್ಚಿದ ಹಳೆಯ ಫಿಲ್ಟರನ್ನು ಎಸೆಯಬೇಡಿ. ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಅಯಸ್ಕಾಂತಕ್ಕೆ ಅಂಟುವ ಚೂರು ಕಬ್ಬಿಣದ್ದು, ಪಂಪಿನದೋ ಗೇರಿನದೋ ಇರಬಹುದು. ಅಂಟದ ಬೆಳ್ಳಗಿನ, ತಾಮ್ರ ಬಣ್ಣದ ಮಿನುಗು ಬೇರಿಂಗಿನದು. ಎಂಜಿನ್ ಬಿಚ್ಚದೆಯೇ ಬೇರಿಂಗಿನ ಮುಖ ಕಾಣುವ ಕಿಟಕಿ ಇದು.

ಈಚೆಗೆ ಓವರ್‌ಹಾಲ್ ಮಾಡಿಸಿದ ಎಂಜಿನ್ನಿನಲ್ಲೇ ಪ್ರೆಷರ್ ಇಳಿದರೆ ನಾನು ಮೊದಲು ಸ್ಟ್ರೈನರಿನಲ್ಲಿ ಸೀಲಂಟ್ ಪೇಸ್ಟಿನ ಚೂರು ಹುಡುಕುತ್ತೇನೆ. ಸಂಪ್ ಕೂರಿಸುವಾಗ ಗ್ಯಾಸ್ಕೆಟ್ಟಿನ ಜೊತೆ ಧಾರಾಳವಾಗಿ ಹಚ್ಚಿದ ಪೇಸ್ಟು ಒಳಗೆ ಹಿಂಡಿಕೊಂಡು, ರಬ್ಬರಿನಂತೆ ಕಳಚಿ ಬಂದು ಸ್ಟ್ರೈನರಿನ ಬಲೆಗೆ ಅಂಟುತ್ತದೆ. ಒಳ್ಳೆಯ ಕೆಲಸ ಮಾಡಬೇಕೆಂಬ ಆಸೆಯಿಂದಲೇ ಆಗುವ ತಪ್ಪು ಅದು. ತೆಳ್ಳನೆಯ ಒಂದು ಎಳೆ ಸಾಕು.

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವುದು ಪಂಪಿನ ಸವೆತ ಮತ್ತು ಬೇರಿಂಗಿನ ಸಡಿಲ. ಶಾಫ್ಟಿನ ವ್ಯಾಸ ಒಂದು ಇಂಚಿಗೆ ಒಂದು ಸಾವಿರಾಂಶ ಇಂಚಿನಷ್ಟು ಸಂದು ಎಂಬುದು ಹಳೆಯ ಅಂದಾಜು. ಸಂದಿನಿಂದ ಸೋರುವ ಎಣ್ಣೆ ಸಂದಿನ ಘನಕ್ಕೆ ತಕ್ಕಂತೆ ಏರುತ್ತದೆ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಕೈಗೆ ತಿಳಿಯದಷ್ಟು ಸವೆತ ಮುಳ್ಳಿಗೆ ತಿಳಿಯುವುದು ಇದರಿಂದಲೇ. ಇದರಿಂದಲೇ ಬೇರಿಂಗನ್ನು ಕಣ್ಣಿನಲ್ಲಿ ನೋಡಿ "ಪರವಾಗಿಲ್ಲ" ಎನ್ನಬಾರದು. ಪ್ಲಾಸ್ಟಿಗೇಜ್ ಎಂಬ ಎಳೆಯಿಟ್ಟು ಸಂದು ಅಳೆಯಬೇಕು. ಬೆಲೆ ಹೆಚ್ಚಿಲ್ಲ, ಮನಸ್ಸು ಬೇಕು.

ಯಾವಾಗ ನಿಲ್ಲಿಸಬೇಕು? ದೀಪ ಹತ್ತಿ, ಮುಳ್ಳೂ ಬಿದ್ದು, ಎರಡೂ ಒಂದೇ ಮಾತು ಹೇಳಿದರೆ ಲಾರಿಯನ್ನು ಅಲ್ಲೇ ಬದಿಗೆ ಹಾಕಿ ಎಂಜಿನ್ ಆರಿಸಬೇಕು. ನಂಗಲಿ ಇನ್ನು ನಾಲ್ಕೇ ಕಿಲೋಮೀಟರ್, ಟೊಮೇಟೊ ಕೊಳೆಯುತ್ತದೆ ಎಂಬ ಚಿಂತೆ ನನಗೆ ಅರ್ಥವಾಗುತ್ತದೆ. ಒಂದು ಲೋಡು ಹೋದರೆ ಒಂದು ವಾರದ ನಷ್ಟ, ಕ್ರ್ಯಾಂಕು ಹೋದರೆ ಒಂದು ವರ್ಷದ ಸಾಲ. ಸಮುದ್ರದಲ್ಲಿ ಈ ಆಯ್ಕೆ ಇಷ್ಟು ಸುಲಭವಲ್ಲ. ಬಂಡೆಯ ಹತ್ತಿರ, ಗಾಳಿಯಲ್ಲಿ ಎಂಜಿನ್ ಆರಿಸಿದರೆ ಜೀವಕ್ಕೇ ಅಪಾಯ. ತಾಂಡೇಲ ವೇಗ ತಗ್ಗಿಸಿ, ಆಳ ನೋಡಿ ಲಂಗರು ಬಿಟ್ಟು, ವೈರ್‌ಲೆಸ್ಸಿನಲ್ಲಿ ಪಕ್ಕದ ಬೋಟನ್ನು ಕರೆದು ಆಮೇಲೆ ಆರಿಸುತ್ತಾನೆ. ರಸ್ತೆ ಬದಿಯಲ್ಲಿ ನಿಲ್ಲಿಸುವ ಭಾಗ್ಯ ನಮಗಿದೆ, ಅದನ್ನು ಬಳಸಿಕೊಳ್ಳೋಣ.

ಈ ಜಿಲ್ಲೆ ಯಂತ್ರಕ್ಕೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು ಕೆಜಿಎಫ್ ಚಿನ್ನದ ಗಣಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳದಿಂದ ಮನುಷ್ಯರನ್ನು ಎತ್ತುವ ಯಂತ್ರದ ಮುಂದೆ ಕೂತವನು ಮುಳ್ಳಿನಿಂದ ಕಣ್ಣು ತೆಗೆಯುವಂತಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 1964ರಲ್ಲಿ ಹುಟ್ಟಿದ ಬೆಮೆಲ್ ಕಂಪನಿ ಇವತ್ತಿಗೂ ಕೆಜಿಎಫ್‌ನಲ್ಲಿ ಭಾರಿ ಯಂತ್ರಗಳನ್ನು ಕಟ್ಟುತ್ತಿದೆ. ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ನಮ್ಮ ಮಕ್ಕಳು ಹೊಸ ಯಂತ್ರಗಳ ಮುಂದೆ ನಿಂತಿದ್ದಾರೆ. ಅಳೆದು ಕೆಲಸ ಮಾಡುವ ಆ ಶಿಸ್ತು ಕಾರ್ಖಾನೆಯ ಗೇಟಿನಾಚೆಗೆ, ಹೆದ್ದಾರಿ ಬದಿಯ ತಗಡಿನ ಶೆಡ್ಡಿಗೆ ಬರಬೇಕು ಎನ್ನುವುದೇ ಈ ಸಂಕಿರಣದಿಂದ ನಾನು ಬಯಸುವುದು.

ಮುಂದಿನ ಎರಡು ದಿನ ಇಲ್ಲಿ ಪ್ರಬಂಧಗಳು ಮಂಡನೆಯಾಗುತ್ತವೆ, ಚರ್ಚೆ ನಡೆಯುತ್ತದೆ. ಅದರಿಂದ ಎರಡು ಕೆಲಸ ಹುಟ್ಟಲಿ. ಜಿಲ್ಲೆಯ ಪ್ರತಿ ಐಟಿಐನಲ್ಲಿ ಅಡಾಪ್ಟರುಗಳ ಸಮೇತ ಒಂದು ಮೆಕ್ಯಾನಿಕಲ್ ಗೇಜ್ ಇರಲಿ, ಅದನ್ನು ಪ್ರತಿ ಹುಡುಗನೂ ಹುಡುಗಿಯೂ ತನ್ನ ಕೈಯಿಂದ ಕಟ್ಟಿ ಕಲಿಯಲಿ. ಪ್ರತಿ ಗ್ಯಾರೇಜಿನಲ್ಲಿ ಒಂದು ನೋಟ್‌ಬುಕ್ ಇರಲಿ. ಗಾಡಿಯ ನಂಬರು, ದಿನಾಂಕ, ಎಣ್ಣೆಯ ಗ್ರೇಡು, ನೀರಿನ ಬಿಸಿ, ಬಿಸಿ ಎಂಜಿನ್ನಿನ ಐಡ್ಲಿಂಗ್ ಪ್ರೆಷರ್, ಪೂರ್ಣ ವೇಗದ ಪ್ರೆಷರ್ ಎಂದು ಆರು ಕಾಲಂ ಸಾಕು. ಚೆನ್ನಾಗಿರುವ ಎಂಜಿನ್ನಿನ ಲೆಕ್ಕ ಬರೆದಿಟ್ಟವನಿಗೆ ಮಾತ್ರ ಕೆಟ್ಟ ಎಂಜಿನ್ನಿನ ಲೆಕ್ಕ ಓದಲು ಬರುತ್ತದೆ.

ನಾನು ತಂದಿರುವ ಗೇಜು ಇಗೋ ಈ ಮೇಜಿನ ಮೇಲಿದೆ. ಮಧ್ಯಾಹ್ನದ ಊಟವಾದ ಮೇಲೆ ಹೊರಗೆ ನಿಂತಿರುವ ನಿಮ್ಮ ಗಾಡಿಗಳಲ್ಲಿ ಒಂದನ್ನು ಬಿಸಿಯಾಗುವವರೆಗೆ ಓಡಿಸಿ, ಇದನ್ನು ಕಟ್ಟಿ, ಐಡ್ಲಿಂಗಿನಲ್ಲಿ ಎಷ್ಟಿದೆ ಎಂದು ಮೊದಲ ಸಾಲು ಬರೆಯೋಣ ಬನ್ನಿ.